ಸಂಸತ್ತಿಗೆ ಹೋಗಿ ಬಂದ ಚೀನಾ ವಿದ್ವಾಂಸ: ರೋಡ್ರಿಕ್ ಮ್ಯಾಕ್‌ಫಾರ್ಕರ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ (ಸ್ನಾತಕೋತ್ತರ ವಿದ್ಯಾರ್ಥಿ)

ಎಲ್ಲರಿಗೂ ನಮಸ್ಕಾರ. ಚೀನಾದ ಸಾಂಸ್ಕೃತಿಕ ಕ್ರಾಂತಿಯ (1966ರಿಂದ 1976ರವರೆಗೆ ಮಾವೋ ತಮ್ಮದೇ ಪಕ್ಷದ ಮುಖಂಡರ ವಿರುದ್ಧ ನಡೆಸಿದ ಅಭಿಯಾನ) ಕುರಿತು ಒಂದು ದೀರ್ಘ ಪ್ರಬಂಧ ಸಿದ್ಧಪಡಿಸುತ್ತಿದ್ದೇನೆ. ಆ ವಿಷಯದ ಬಗ್ಗೆ ಯಾವ ಪುಸ್ತಕ ತೆರೆದರೂ ಅಡಿಟಿಪ್ಪಣಿಗಳಲ್ಲಿ ರೋಡ್ರಿಕ್ ಮ್ಯಾಕ್‌ಫಾರ್ಕರ್ ಎಂಬ ಹೆಸರು ಎದುರಾಗುತ್ತದೆ. ‘ಸಾಂಸ್ಕೃತಿಕ ಕ್ರಾಂತಿಯ ಮೂಲಗಳು’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಅವರು ಬರೆದ ಮೂರು ಸಂಪುಟಗಳು 1974, 1983 ಮತ್ತು 1997ರಲ್ಲಿ ಪ್ರಕಟವಾಗಿವೆ. ಆದರೆ ಅವರ ವೃತ್ತಿಜೀವನದ ವಿವರಗಳನ್ನು ಓದಿದಾಗ ನನಗೆ ಕೆಲವು ಸಂದೇಹಗಳು ಹುಟ್ಟಿದವು. ಅವರು ಮೊದಲು ಲಂಡನ್ನಿನ ದಿನಪತ್ರಿಕೆಯೊಂದರ ವರದಿಗಾರರಾಗಿದ್ದರು, ನಂತರ ದೂರದರ್ಶನದಲ್ಲಿ ಕೆಲಸ ಮಾಡಿದರು, ಐದು ವರ್ಷ ಬ್ರಿಟನ್ನಿನ ಸಂಸತ್ ಸದಸ್ಯರಾಗಿದ್ದರು, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾದದ್ದು 53ನೆಯ ವಯಸ್ಸಿನಲ್ಲಿ. ಇಂತಹ ಹಿನ್ನೆಲೆಯವರನ್ನು ಈ ಕ್ಷೇತ್ರದ ಹಿರಿಯ ವಿದ್ವಾಂಸರೆಂದು ಎಲ್ಲರೂ ಒಪ್ಪಿಕೊಂಡದ್ದು ಹೇಗೆ?

ಇದಕ್ಕಿಂತ ದೊಡ್ಡ ಸಂದೇಹ ಆಧಾರಗಳ ಬಗ್ಗೆ. ಮೊದಲ ಸಂಪುಟ ಬಂದಾಗ ಮಾವೋ ಇನ್ನೂ ಬದುಕಿದ್ದರು. ಪಕ್ಷದ ಪತ್ರಾಗಾರಗಳು ಯಾರಿಗೂ ತೆರೆದಿರಲಿಲ್ಲ, ವಿದೇಶಿ ಸಂಶೋಧಕರು ಬೀಜಿಂಗಿನಲ್ಲಿ ಕುಳಿತು ಯಾರನ್ನೂ ಸಂದರ್ಶಿಸುವಂತಿರಲಿಲ್ಲ. ಮುಚ್ಚಿದ ಬಾಗಿಲ ಹೊರಗೆ ನಿಂತು, ಒಳಗೆ ಯಾರು ಯಾರ ಮಾತನ್ನು ವಿರೋಧಿಸಿದರು ಎಂದು ಬರೆದ ಪುಸ್ತಕವನ್ನು ಇಂದು ನಾನು ಎಷ್ಟರ ಮಟ್ಟಿಗೆ ನಂಬಿ ಉಲ್ಲೇಖಿಸಬಹುದು? ಈ ಕೃತಿಗಳನ್ನು ನಿಧಾನವಾಗಿ ಓದಿದವರು ಇಲ್ಲಿ ಇದ್ದರೆ ದಯವಿಟ್ಟು ತಿಳಿಸಿ.

ಉತ್ತರ 1 (ನಿವೃತ್ತ ಇತಿಹಾಸ ಅಧ್ಯಾಪಕ)

ನಿಮ್ಮ ಮೊದಲ ಸಂದೇಹವನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮ್ಯಾಕ್‌ಫಾರ್ಕರ್ ಅವರ ಬದುಕನ್ನು, ಬೇರೆ ಬೇರೆ ಕಡೆ ಅಲೆದು ಕೊನೆಗೆ ವಿಶ್ವವಿದ್ಯಾಲಯಕ್ಕೆ ಬಂದು ಸೇರಿದವರ ಕಥೆಯೆಂದು ಓದಿದರೆ ಮುಖ್ಯವಾದದ್ದು ತಪ್ಪಿಹೋಗುತ್ತದೆ. ಅವರು ಯಾವ ಕೆಲಸದಲ್ಲಿದ್ದರೂ ಚೀನಾದ ಅಧ್ಯಯನವನ್ನು ಬಿಟ್ಟವರಲ್ಲ. ಬದಲಾಗುತ್ತಾ ಹೋದದ್ದು ಸಂಬಳ ಕೊಡುವವರು ಮಾತ್ರ ಎಂದು ನನಗೆ ಅನ್ನಿಸಿದೆ.

ಅವರು ಹುಟ್ಟಿದ್ದು 1930ರ ಡಿಸೆಂಬರ್ 2ರಂದು, ಲಾಹೋರಿನಲ್ಲಿ. ತಂದೆ ಇಂಡಿಯನ್ ಸಿವಿಲ್ ಸರ್ವಿಸ್‌ನ ಅಧಿಕಾರಿ. ಶಾಲೆ ಎಡಿನ್‌ಬರೋದಲ್ಲಿ, ಪದವಿ ಆಕ್ಸ್‌ಫರ್ಡಿನ ಕೀಬಲ್ ಕಾಲೇಜಿನಲ್ಲಿ. ಅನಂತರ ಹಾರ್ವರ್ಡಿಗೆ ಹೋಗಿ ಚೀನಾ ಇತಿಹಾಸಕಾರ ಜಾನ್ ಕಿಂಗ್ ಫೇರ್‌ಬ್ಯಾಂಕ್ ಅವರ ಬಳಿ ಪೂರ್ವ ಏಷ್ಯಾದ ಪ್ರಾದೇಶಿಕ ಅಧ್ಯಯನ ಮಾಡಿ 1955ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಆ ಕಾಲವನ್ನು ನೆನಪಿಸಿಕೊಳ್ಳಬೇಕು. 1949ರಲ್ಲಿ ಕಮ್ಯುನಿಸ್ಟರು ಗೆದ್ದ ಮೇಲೆ, ಚೀನಾವನ್ನು ಕೈಬಿಟ್ಟವರು ಯಾರು ಎಂಬ ಕೋಪದ ಪ್ರಶ್ನೆ ಅಮೆರಿಕದಲ್ಲಿ ಎದ್ದಿತ್ತು, ಮತ್ತು ಫೇರ್‌ಬ್ಯಾಂಕ್ ಅವರೇ 1952ರಲ್ಲಿ ಸೆನೆಟ್ಟಿನ ಉಪಸಮಿತಿಯ ಮುಂದೆ ಹೇಳಿಕೆ ಕೊಡಬೇಕಾಗಿ ಬಂದಿತ್ತು. ಚೀನಾವನ್ನು ದ್ವೇಷದಿಂದಲೂ ನೋಡದೆ, ಭಕ್ತಿಯಿಂದಲೂ ನೋಡದೆ, ಇತಿಹಾಸದ ಶಿಸ್ತಿನಿಂದ ಓದಬೇಕೆಂಬ ಪಾಠ ಅಂತಹ ದಿನಗಳಲ್ಲಿ ಕಲಿತವರಿಗೆ ಪುಸ್ತಕದ ಮಾತಾಗಿ ಉಳಿಯುವುದಿಲ್ಲ.

1955ರಲ್ಲಿ ಲಂಡನ್ನಿಗೆ ಮರಳಿ ಡೈಲಿ ಟೆಲಿಗ್ರಾಫ್ ಪತ್ರಿಕೆಯಲ್ಲಿ ಚೀನಾ ವಿಷಯದ ಬರಹಗಾರರಾದರು. ಐದೇ ವರ್ಷದಲ್ಲಿ, 1960ರಲ್ಲಿ, ಪಕ್ಷವನ್ನು ಟೀಕಿಸಿರೆಂದು ಬುದ್ಧಿಜೀವಿಗಳನ್ನು ಆಹ್ವಾನಿಸಿದ 1957ರ ‘ನೂರು ಹೂಗಳು’ ಅಭಿಯಾನದ ಬಗ್ಗೆ ಒಂದು ದಾಖಲೆ ಸಂಕಲನವನ್ನು ಹೊರತಂದರು. ಅದೇ ವರ್ಷದ ಜನವರಿಯಲ್ಲಿ ಅವರ ಸಂಪಾದಕತ್ವದಲ್ಲಿ ‘ಚೀನಾ ಕ್ವಾರ್ಟರ್ಲಿ’ ತ್ರೈಮಾಸಿಕದ ಮೊದಲ ಸಂಚಿಕೆ ಪ್ರಕಟವಾಯಿತು. ಅವರ ಮೂರು ಸಂಪುಟಗಳ ಪಕ್ಕದಲ್ಲಿ ಇಡಬೇಕಾದ ಸಾಧನೆ ಇದು. ಅದಕ್ಕೂ ಮೊದಲು ಸಮಕಾಲೀನ ಚೀನಾ ಎಂಬುದು ಪತ್ರಕರ್ತರ, ರಾಜತಾಂತ್ರಿಕರ ಮತ್ತು ಗುಪ್ತಚರ ಇಲಾಖೆಗಳ ವಿಷಯವಾಗಿತ್ತು. ವಿಶ್ವವಿದ್ಯಾಲಯಗಳಲ್ಲಿ ಚೀನಾ ಎಂದರೆ ಬಹುಮಟ್ಟಿಗೆ ಪ್ರಾಚೀನ ಗ್ರಂಥಗಳ ಚೀನಾ. ಈ ಪತ್ರಿಕೆ ಸಮಕಾಲೀನ ಚೀನಾದ ಅಧ್ಯಯನಕ್ಕೆ ಒಂದು ವಿದ್ವತ್ ವೇದಿಕೆ ಕೊಟ್ಟಿತು. ಮೊದಲೆರಡು ಸಂಚಿಕೆಗಳಲ್ಲೇ, ಮಾವೋವಾದ ಎಂಬ ಪ್ರತ್ಯೇಕ ಚಿಂತನೆ ಇದೆಯೇ ಅಥವಾ ಅದು ಲೆನಿನ್‌ವಾದದ ಮುಂದುವರಿಕೆಯಷ್ಟೇ ಎಂಬ ಬಗ್ಗೆ ಕಾರ್ಲ್ ವಿಟ್‌ಫೋಗೆಲ್ ಮತ್ತು ಬೆಂಜಮಿನ್ ಶ್ವಾರ್ಟ್ಸ್ ನಡುವೆ ತೀಕ್ಷ್ಣವಾದ ವಾಗ್ವಾದ ನಡೆಯಿತು. ಇನ್ನೂ ಮೂವತ್ತು ತುಂಬದ ಸಂಪಾದಕರೊಬ್ಬರು ಅಂತಹ ಇಬ್ಬರು ಹಿರಿಯರನ್ನು ಒಂದೇ ಪುಟದ ಮೇಲೆ ಎದುರುಬದುರು ನಿಲ್ಲಿಸಿದ್ದು ಸಣ್ಣ ಮಾತಲ್ಲ.

ಈ ಪತ್ರಿಕೆಯ ಬಗ್ಗೆ ಮುಚ್ಚಿಡಬಾರದ ಒಂದು ಸಂಗತಿಯೂ ಇದೆ. ಆರಂಭದಲ್ಲಿ ಅದಕ್ಕೆ ಆಶ್ರಯ ಕೊಟ್ಟದ್ದು ಸಾಂಸ್ಕೃತಿಕ ಸ್ವಾತಂತ್ರ್ಯ ಕಾಂಗ್ರೆಸ್ ಎಂಬ ಸಂಸ್ಥೆ. ಆ ಸಂಸ್ಥೆಗೆ ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿಐಎ ಹಣ ಹರಿಸುತ್ತಿತ್ತೆಂಬುದು 1960ರ ದಶಕದ ಎರಡನೆಯ ಭಾಗದಲ್ಲಿ ಬಯಲಾಯಿತು. 1968ರ ಹೊತ್ತಿಗೆ ಪತ್ರಿಕೆ ಲಂಡನ್ ವಿಶ್ವವಿದ್ಯಾಲಯದ ಪೌರಸ್ತ್ಯ ಮತ್ತು ಆಫ್ರಿಕನ್ ಅಧ್ಯಯನ ಶಾಲೆಯ ಆಶ್ರಯಕ್ಕೆ ಬಂದಿತು. ಹಣದ ಮೂಲ ತಿಳಿದ ಮೇಲೆ ಹಳೆಯ ಸಂಚಿಕೆಗಳನ್ನು ಅನುಮಾನದಿಂದ ಓದುವುದು ಸಹಜ, ಓದಲೂ ಬೇಕು. ನಾನು ಹಾಗೆ ಓದಿದಾಗ ನನಗೆ ಕಂಡದ್ದು ಒಂದೇ ದನಿಯ ಪ್ರಚಾರವಲ್ಲ, ಪರಸ್ಪರ ಒಪ್ಪದ ಲೇಖಕರ ಗುಂಪು.

ಅವರು 1963ರಿಂದ ಎರಡು ವರ್ಷ ಬಿಬಿಸಿಯ ‘ಪನೋರಮಾ’ ಕಾರ್ಯಕ್ರಮದಲ್ಲಿದ್ದರು. ಆ ಅವಧಿಯ ಬಗ್ಗೆ ಹೆಚ್ಚು ಹೇಳಬೇಕಾದದ್ದಿಲ್ಲ. ಲೇಬರ್ ಪಕ್ಷದ ಅಭ್ಯರ್ಥಿಯಾಗಿ 1966ರಲ್ಲಿ ಒಮ್ಮೆ, 1968ರ ಮೆರಿಡನ್ ಉಪಚುನಾವಣೆಯಲ್ಲಿ ಇನ್ನೊಮ್ಮೆ ಸೋತು, 1974ರ ಫೆಬ್ರವರಿಯಲ್ಲಿ ಡರ್ಬಿಶೈರಿನ ಬೆಲ್ಪರ್ ಕ್ಷೇತ್ರದಿಂದ ಗೆದ್ದರು. ಮೊದಲ ಸಂಪುಟ ಹೊರಬಂದದ್ದೂ ಅದೇ ವರ್ಷ. 1979ರಲ್ಲಿ ಮಾರ್ಗರೇಟ್ ಥ್ಯಾಚರ್ ಅಧಿಕಾರಕ್ಕೆ ಬಂದ ಚುನಾವಣೆಯಲ್ಲಿ ಸ್ಥಾನ ಕಳೆದುಕೊಂಡರು. 1981ರಲ್ಲಿ ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್‌ನಿಂದ ಪಿಎಚ್.ಡಿ. ಪಡೆದರು, ಲೇಬರ್ ಪಕ್ಷದಿಂದ ಹೊಸದಾಗಿ ಒಡೆದ ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೂ ಸೇರಿದರು. 1983ರಲ್ಲಿ ಆ ಪಕ್ಷದಿಂದ ಸ್ಪರ್ಧಿಸಿ ಸೋತರು, ಎರಡನೆಯ ಸಂಪುಟ ಪ್ರಕಟವಾಯಿತು. ಮರುವರ್ಷ ಹಾರ್ವರ್ಡ್ ಅವರನ್ನು ಕರೆಸಿಕೊಂಡಿತು. ಅಂದರೆ ಮೂರು ಸಂಪುಟಗಳಲ್ಲಿ ಎರಡು, ವಿಶ್ವವಿದ್ಯಾಲಯದ ಪೂರ್ಣಾವಧಿ ಹುದ್ದೆಗೆ ಬರುವ ಮೊದಲೇ ಬರೆದು ಮುಗಿಸಿದವು. ಪ್ರಾಧ್ಯಾಪಕ ಸ್ಥಾನದಿಂದ ಅವರಿಗೆ ವಿದ್ವತ್ತಿನ ಹೆಸರು ಬರಲಿಲ್ಲ, ಈ ಎರಡು ಸಂಪುಟಗಳಿಂದ ಪ್ರಾಧ್ಯಾಪಕ ಸ್ಥಾನ ಬಂದಿತು.

ಮುಂದಿನದನ್ನು ಬೇಗ ಹೇಳಿ ಮುಗಿಸುತ್ತೇನೆ. ಅವರು ಹಾರ್ವರ್ಡಿನ ಚೀನಾ ಅಧ್ಯಯನ ಸಂಸ್ಥೆಯಾದ ಫೇರ್‌ಬ್ಯಾಂಕ್ ಕೇಂದ್ರದ ನಿರ್ದೇಶಕರಾಗಿ 1986ರಿಂದ 1992ರವರೆಗೆ, ಮತ್ತೆ 2005ರಿಂದ ಒಂದು ವರ್ಷ ಕೆಲಸ ಮಾಡಿದರು. ತಮ್ಮ ಗುರುವಿನ ಜೊತೆ ಸೇರಿ ಕೇಂಬ್ರಿಡ್ಜ್ ಚೀನಾ ಇತಿಹಾಸ ಮಾಲೆಯ 14 ಮತ್ತು 15ನೆಯ ಸಂಪುಟಗಳನ್ನು ಸಂಪಾದಿಸಿದರು. ಮೂರನೆಯ ಸಂಪುಟಕ್ಕೆ 1999ರಲ್ಲಿ ಜೋಸೆಫ್ ಲೆವೆನ್ಸನ್ ಪ್ರಶಸ್ತಿ ಬಂದಿತು. ಸಾಂಸ್ಕೃತಿಕ ಕ್ರಾಂತಿಯ ಬಗ್ಗೆ ಅವರು ನಡೆಸುತ್ತಿದ್ದ ತರಗತಿಗೆ, ಚೀನಾದ ಬಗ್ಗೆ ಮೊದಲು ಏನನ್ನೂ ಓದಿರದ ನೂರಾರು ವಿದ್ಯಾರ್ಥಿಗಳು ಬಂದು ಕುಳಿತುಕೊಳ್ಳುತ್ತಿದ್ದರು. 2019ರ ಫೆಬ್ರವರಿ 10ರಂದು, 88ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು.

ಉತ್ತರ 2 (ಚೀನೀ ಭಾಷೆಯಿಂದ ಅನುವಾದ ಮಾಡುವವರು)

ಮೇಲಿನ ಉತ್ತರ ವೃತ್ತಿಜೀವನವನ್ನು ಚೆನ್ನಾಗಿ ವಿವರಿಸಿದೆ. ನಾನು ನಿಮ್ಮ ಎರಡನೆಯ ಪ್ರಶ್ನೆಗೆ, ಅಂದರೆ ಪತ್ರಾಗಾರವಿಲ್ಲದೆ ಬರೆಯುವುದು ಹೇಗೆ ಸಾಧ್ಯವಾಯಿತು ಎಂಬುದಕ್ಕೆ ಬರುತ್ತೇನೆ.

ಮುಚ್ಚಿದ ದೇಶವೆಂದರೆ ಮಾತೇ ಆಡದ ದೇಶವೆಂದು ಅರ್ಥವಲ್ಲ. ಚೀನಾದ ಕಮ್ಯುನಿಸ್ಟ್ ಪಕ್ಷ ತನ್ನ ಲಕ್ಷಾಂತರ ಕಾರ್ಯಕರ್ತರಿಗೆ ಏನು ಮಾಡಬೇಕೆಂದು ಹೇಳಲೇಬೇಕಿತ್ತು. ಹಾಗೆ ಹೇಳಲು ಅದಕ್ಕಿದ್ದ ಮುಖ್ಯ ಸಾಧನ ಪಕ್ಷದ ಮುಖಪತ್ರಿಕೆ ‘ಪೀಪಲ್ಸ್ ಡೈಲಿ’, ಪ್ರಾಂತ್ಯಗಳ ಪತ್ರಿಕೆಗಳು ಮತ್ತು ರೇಡಿಯೋ. ಇವೆಲ್ಲವನ್ನೂ ಹಾಂಗ್‌ಕಾಂಗಿನಲ್ಲಿದ್ದ ಅಮೆರಿಕದ ದೂತ ಕಚೇರಿ ದಿನನಿತ್ಯ ಅನುವಾದಿಸುತ್ತಿತ್ತು, ಬಿಬಿಸಿಯ ಆಲಿಕೆ ವಿಭಾಗ ರೇಡಿಯೋ ಪ್ರಸಾರಗಳ ಸಾರವನ್ನು ಮುದ್ರಿಸುತ್ತಿತ್ತು. ಹಾಂಗ್‌ಕಾಂಗಿನಲ್ಲೇ ಲಾಸ್ಲೋ ಲದಾನಿ ಎಂಬ ಜೆಸ್ಯೂಟ್ ಪಾದ್ರಿ 1953ರಿಂದ ಚೀನೀ ಪತ್ರಿಕೆಗಳನ್ನು ಸಾಲುಸಾಲಾಗಿ ಓದಿ ವಿಶ್ಲೇಷಣಾ ಪತ್ರಿಕೆಯೊಂದನ್ನು ಹೊರತರುತ್ತಿದ್ದರು. ಗಡಿ ದಾಟಿ ಬಂದವರನ್ನು ಸಂಶೋಧಕರು ಸಂದರ್ಶಿಸಲು ಅನುಕೂಲವಾಗುವಂತೆ 1963ರಲ್ಲಿ ಅಲ್ಲಿ ಒಂದು ಅಧ್ಯಯನ ಕೇಂದ್ರವೂ ಆರಂಭವಾಯಿತು. ಆಧಾರಗಳ ಕೊರತೆಗಿಂತ, ಹೇರಳವಾಗಿ ಬರುತ್ತಿದ್ದ ಮಾತಿನಲ್ಲಿ ಯಾವುದು ಸಂಕೇತ, ಯಾವುದು ಬರಿಯ ಶಬ್ದ ಎಂದು ಬೇರ್ಪಡಿಸುವುದೇ ಆ ಪೀಳಿಗೆಯ ನಿಜವಾದ ಕಷ್ಟವಾಗಿತ್ತು.

ಒಂದು ಉದಾಹರಣೆ ಕೊಡುತ್ತೇನೆ. 1957ರ ಫೆಬ್ರವರಿ 27ರಂದು ಮಾವೋ, ಜನರೊಳಗಿನ ವಿರೋಧಾಭಾಸಗಳನ್ನು ಸರಿಯಾಗಿ ನಿಭಾಯಿಸುವ ಬಗ್ಗೆ ಒಂದು ದೀರ್ಘ ಭಾಷಣ ಮಾಡಿದರು. ಬುದ್ಧಿಜೀವಿಗಳು ಪಕ್ಷವನ್ನು ಟೀಕಿಸಲಿ ಎಂಬ ಆಹ್ವಾನ ಅದರ ತಿರುಳು. ದೇಶದ ಪರಮೋಚ್ಚ ನಾಯಕ ಇಷ್ಟು ಮುಖ್ಯವಾದ ಮಾತಾಡಿದ್ದರೂ ಪಕ್ಷದ ಮುಖಪತ್ರಿಕೆ ವಾರಗಟ್ಟಲೆ ಅದರ ಬಗ್ಗೆ ಹೆಚ್ಚುಕಡಿಮೆ ಮೌನವಾಗಿತ್ತು. ಸಾಮಾನ್ಯ ಓದುಗನಿಗೆ ಮೌನ ಕಾಣುವುದಿಲ್ಲ, ಏಕೆಂದರೆ ಅಲ್ಲಿ ಅಚ್ಚಾದದ್ದು ಏನೂ ಇಲ್ಲ. ಆದರೆ ಪ್ರತಿದಿನ ಆ ಪತ್ರಿಕೆಯನ್ನು ಓದುವವನಿಗೆ ಮೌನವೇ ಸುದ್ದಿ. ಮಾವೋ ಅವರ ಆಹ್ವಾನ ಪಕ್ಷದ ಒಳಗೇ ಎಲ್ಲರಿಗೂ ಇಷ್ಟವಾಗಿರಲಿಲ್ಲ, ಬೀಜಿಂಗಿನ ಮೇಯರ್ ಪೆಂಗ್ ಝೆನ್, ಎರಡನೆಯ ಸ್ಥಾನದಲ್ಲಿದ್ದ ಲಿಯು ಶಾವೊಚಿ ಮೊದಲಾದವರಿಗೆ ಅದು ಪಕ್ಷದ ಶಿಸ್ತನ್ನು ಹಾಳುಮಾಡುವ ಕೆಲಸವಾಗಿ ಕಂಡಿತ್ತು ಎಂದು ಮ್ಯಾಕ್‌ಫಾರ್ಕರ್ ಮೊದಲ ಸಂಪುಟದಲ್ಲಿ ವಾದಿಸಿದರು. ಬಹಳ ವರ್ಷಗಳ ನಂತರ ಹೊರಬಂದ ದಾಖಲೆಗಳಿಂದ, 1957ರ ಏಪ್ರಿಲ್ 10ರಂದು ಮಾವೋ ಪತ್ರಿಕೆಯ ಸಂಪಾದಕ ಡೆಂಗ್ ತುವೊ ಅವರನ್ನು ಕರೆಸಿ, ಈ ಮೌನಕ್ಕಾಗಿ, ಸತ್ತವರು ಪತ್ರಿಕೆ ನಡೆಸುತ್ತಿದ್ದಾರೆ ಎಂಬ ಮಾತಿನಿಂದ ಛೀಮಾರಿ ಹಾಕಿದ್ದು ತಿಳಿದುಬಂದಿತು. ಹೊರಗಿನಿಂದ ಓದಿದವರು ಮೌನವನ್ನು ಗಮನಿಸಿದ್ದು ಸರಿಯಾಗಿತ್ತು. ಅದರ ಕಾರಣವನ್ನೂ ಸರಿಯಾಗಿಯೇ ಊಹಿಸಿದ್ದರೋ ಎಂಬುದು ಬೇರೆ ಪ್ರಶ್ನೆ.

ಅದೇ ಭಾಷಣದ ಮುಂದಿನ ಕಥೆಯೂ ಪಾಠವಾಗುವಂಥದ್ದು. ಅದರ ಭಾಗಗಳು ಪೋಲೆಂಡಿನ ವಾರ್ಸಾ ಮೂಲಕ ಸೋರಿ ಜೂನ್ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಬಂದವು. ಜೂನ್ 19ರಂದು ಬೀಜಿಂಗ್ ಅಧಿಕೃತ ಪಠ್ಯವನ್ನು ಪ್ರಕಟಿಸಿತು. ಆದರೆ ಆ ಹೊತ್ತಿಗೆ ಟೀಕಾಕಾರರ ಮೇಲೆ ದಾಳಿ ಆರಂಭವಾಗಿತ್ತು, ಮತ್ತು ಸುವಾಸನೆಯ ಹೂ ಯಾವುದು, ವಿಷದ ಕಳೆ ಯಾವುದು ಎಂದು ಗುರುತಿಸಲು ಆರು ಮಾನದಂಡಗಳನ್ನು ಪಠ್ಯಕ್ಕೆ ಸೇರಿಸಲಾಗಿತ್ತು. ಫೆಬ್ರವರಿಯಲ್ಲಿ ಆಡದ ಮಾತನ್ನು ಫೆಬ್ರವರಿಯಲ್ಲೇ ಆಡಿದಂತೆ ತೋರಿಸಿದ ಪಠ್ಯ ಅದು. ಮೂಲ ಭಾಷಣ ಮತ್ತು ಆ ಕಾಲದ ಇತರ ಒಳಭಾಷಣಗಳು ಬಹುಕಾಲದ ಮೇಲೆ ಸಿಕ್ಕಿದಾಗ, ಮ್ಯಾಕ್‌ಫಾರ್ಕರ್ ಅವರು ತಿಮೊತಿ ಚೀಕ್ ಮತ್ತು ಯುಜೀನ್ ವು ಅವರ ಜೊತೆ ಸೇರಿ 1989ರಲ್ಲಿ ಅವುಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸಿದರು. 1974ರಲ್ಲಿ ತಾವು ಊಹೆಯಿಂದ ಕಟ್ಟಿದ್ದನ್ನು, ಆಧಾರ ಸಿಕ್ಕ ಕೂಡಲೇ ಎಲ್ಲರೂ ಪರೀಕ್ಷಿಸಿ ನೋಡಲಿ ಎಂದು ಮುಂದಿಟ್ಟ ಈ ನಡೆ ನನಗೆ ಅವರ ಮೇಲೆ ಗೌರವ ಹೆಚ್ಚಿಸಿತು.

ಅವರಿಗೆ ಒದಗಿದ ಇನ್ನೊಂದು ಮೂಲವನ್ನು ಮರೆಯಬಾರದು. ಸಾಂಸ್ಕೃತಿಕ ಕ್ರಾಂತಿಯ ದಿನಗಳಲ್ಲಿ, ಮಾವೋ ಅವರ ಕರೆಗೆ ಎದ್ದ ವಿದ್ಯಾರ್ಥಿಗಳ ರೆಡ್ ಗಾರ್ಡ್ ಗುಂಪುಗಳು ತಮ್ಮ ಎದುರಾಳಿಗಳನ್ನು ಬಯಲಿಗೆಳೆಯುವ ಹುಮ್ಮಸ್ಸಿನಲ್ಲಿ ಪಕ್ಷದ ಒಳಸಭೆಗಳ ಮಾತುಗಳನ್ನು ಸಣ್ಣ ಪತ್ರಿಕೆಗಳಲ್ಲಿ ಅಚ್ಚು ಹಾಕಿದವು, ಅವು ಹಾಂಗ್‌ಕಾಂಗ್ ದಾಟಿ ಹೊರಗೆ ಬಂದವು. ಹತ್ತು ವರ್ಷ ರಹಸ್ಯವಾಗಿದ್ದದ್ದು ಹೀಗೆ ಬೀದಿಗೆ ಬಿದ್ದಿತು. ಆದರೆ ಅದು ಆರೋಪ ಪಟ್ಟಿಯ ರೂಪದ ಸಾಹಿತ್ಯ. ಲಿಯು ಶಾವೊಚಿ ಮೊದಲಿನಿಂದಲೂ ಮಾವೋ ಅವರ ಶತ್ರುವಾಗಿದ್ದರು ಎಂದು ಸಾಧಿಸಲು ಆರಿಸಿ ಕತ್ತರಿಸಿದ ಮಾತುಗಳು ಅದರಲ್ಲಿ ತುಂಬಿವೆ. ನೀವು ಮೊದಲ ಸಂಪುಟವನ್ನು ಉಲ್ಲೇಖಿಸುವಾಗ ಪ್ರತಿ ಅಡಿಟಿಪ್ಪಣಿಯಲ್ಲಿ ಆಧಾರ ಯಾವುದೆಂದು ನೋಡಿ. 1957ರ ಪತ್ರಿಕೆಯೋ, 1967ರ ರೆಡ್ ಗಾರ್ಡ್ ಪತ್ರಿಕೆಯೋ ಎಂಬುದರ ಮೇಲೆ ಆ ವಾಕ್ಯದ ತೂಕ ನಿಂತಿದೆ.

ಉತ್ತರ 3 (ತುಲನಾತ್ಮಕ ರಾಜಕೀಯದ ಸಂಶೋಧಕ)

ಇಬ್ಬರ ಉತ್ತರಗಳನ್ನೂ ಗೌರವದಿಂದ ಓದಿದೆ. ಆದರೆ ವಿದ್ಯಾರ್ಥಿಗೆ ಎಚ್ಚರಿಕೆಯ ಮಾತನ್ನೂ ಹೇಳಬೇಕಾಗಿದೆ, ಮತ್ತು ಅದು ಮ್ಯಾಕ್‌ಫಾರ್ಕರ್ ಅವರ ವೃತ್ತಿಜೀವನದ ಜೊತೆ ನೇರವಾಗಿ ಸಂಬಂಧಿಸಿದ್ದು.

ಅವರು ಸಾಂಸ್ಕೃತಿಕ ಕ್ರಾಂತಿಯ ಬೇರುಗಳನ್ನು ಹುಡುಕಿದ್ದು ಚೀನಾದ ಸಮಾಜದಲ್ಲಲ್ಲ, ಸಂಸ್ಕೃತಿಯಲ್ಲಲ್ಲ, ಪಕ್ಷದ ಉನ್ನತ ಸಮಿತಿಯಾದ ಪಾಲಿಟ್‌ಬ್ಯೂರೋದ ಕೆಲವೇ ಮಂದಿಯ ಸಂಬಂಧಗಳಲ್ಲಿ. 1956ರ ಎಂಟನೆಯ ಮಹಾಧಿವೇಶನದಲ್ಲಿ ಪಕ್ಷದ ಸಂವಿಧಾನದಿಂದ ಮಾವೋ ಚಿಂತನೆ ಎಂಬ ಪದವನ್ನು ತೆಗೆದದ್ದು, 1959ರ ಜುಲೈ 14ರಂದು ಲುಶಾನ್ ಬೆಟ್ಟದ ಸಭೆಯಲ್ಲಿ ರಕ್ಷಣಾ ಸಚಿವ ಪೆಂಗ್ ದೆಹುವಾಯ್ ಮಾವೋ ಅವರ ಆರ್ಥಿಕ ನೀತಿಯನ್ನು ಟೀಕಿಸಿ ಬರೆದ ಪತ್ರ, 1962ರ ಆರಂಭದ ಏಳು ಸಾವಿರ ಕಾರ್ಯಕರ್ತರ ಸಭೆಯಲ್ಲಿ ಲಿಯು ಶಾವೊಚಿ ಅವರು ಬರಗಾಲದ ಕಾರಣ ಮೂರು ಪಾಲು ಪ್ರಕೃತಿ, ಏಳು ಪಾಲು ಮನುಷ್ಯ ಎಂಬ ರೈತರ ಮಾತನ್ನು ಎತ್ತಿ ಹೇಳಿದ್ದು, ಇಂತಹ ಕ್ಷಣಗಳೇ ಅವರ ಕಥನದ ಕಂಬಗಳು. ಒಂದು ಮಂತ್ರಿಮಂಡಲದಲ್ಲಿ ಸಹೋದ್ಯೋಗಿಗಳು ಹೇಗೆ ಗುಂಪು ಕಟ್ಟುತ್ತಾರೆ, ಹೇಗೆ ಹಿಂಜರಿಯುತ್ತಾರೆ, ನಾಯಕನ ಮಾತಿಗೆ ಬಾಯಲ್ಲಿ ಒಪ್ಪಿ ಕೆಲಸದಲ್ಲಿ ಹೇಗೆ ತಡಮಾಡುತ್ತಾರೆ ಎಂಬುದನ್ನು ಬ್ರಿಟನ್ನಿನ ಸಂಸತ್ತಿರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕಣ್ಣಾರೆ ನೋಡಿದವರು ಅವರು. ಆ ಅನುಭವ ಅವರ ಬರವಣಿಗೆಗೆ ಜೀವ ತುಂಬಿದೆ ಎಂಬುದನ್ನು ಒಪ್ಪುತ್ತೇನೆ. ಎಷ್ಟೋ ರಾಜ್ಯಶಾಸ್ತ್ರಜ್ಞರ ಬರಹದಲ್ಲಿ ನಾಯಕರು ಸಿದ್ಧಾಂತಗಳ ಗೊಂಬೆಗಳಂತೆ ಚಲಿಸುತ್ತಾರೆ. ಮ್ಯಾಕ್‌ಫಾರ್ಕರ್ ಅವರ ಪುಟಗಳಲ್ಲಿ ಅವರು ದಣಿದಿರುತ್ತಾರೆ, ಹೆದರಿರುತ್ತಾರೆ, ಮುಂದೇನಾಗುವುದೆಂದು ತಿಳಿಯದೆ ಇಂದು ನಿರ್ಧಾರ ಮಾಡಬೇಕಾದವರಾಗಿರುತ್ತಾರೆ.

ಆದರೆ ಈ ಸಂಸದೀಯ ಕಣ್ಣಿನಿಂದಲೇ ಒಂದು ದೋಷವೂ ಬಂದಿದೆ. ಸಿಡ್ನಿ ವಿಶ್ವವಿದ್ಯಾಲಯದ ಫ್ರೆಡರಿಕ್ ಟೀವ್ಸ್ ಅವರು, ಮುಂದೆ ವಾರನ್ ಸನ್ ಅವರ ಜೊತೆಗೂಡಿ, ಇದನ್ನು ಬಲವಾಗಿ ಎತ್ತಿ ತೋರಿಸಿದರು. ಅವರ ವಾದದ ಪ್ರಕಾರ ಮಾವೋ ಅವರ ಸುತ್ತ ಇದ್ದದ್ದು ಮಂತ್ರಿಮಂಡಲವಲ್ಲ, ಅರಸನ ಆಸ್ಥಾನ. ಅಲ್ಲಿ ಮಾವೋ ಅವರನ್ನು ವಿರೋಧಿಸಬಹುದೆಂಬ ಯೋಚನೆಯೇ ಬಹುತೇಕ ಯಾರಿಗೂ ಬರುತ್ತಿರಲಿಲ್ಲ. ಎಲ್ಲರೂ ಅವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸಿ ಅದರಂತೆ ನಡೆಯಲು ಯತ್ನಿಸುತ್ತಿದ್ದರು, ಊಹೆ ತಪ್ಪಿದವರು ಬಿದ್ದರು. ಹಾಗೆ ನೋಡಿದರೆ 1957ರಲ್ಲಿ ಲಿಯು ಶಾವೊಚಿ ಅವರ ‘ವಿರೋಧ’ ಎಂದು ಕಂಡದ್ದರಲ್ಲಿ ಬಹುಪಾಲು ಗೊಂದಲವೇ ಆಗಿರಬಹುದು. 1980ರ ದಶಕದಿಂದೀಚೆಗೆ ಬಂದ ಸ್ಮೃತಿಕಥನಗಳು ಮತ್ತು ಪಕ್ಷದ ಇತಿಹಾಸಕಾರರ ಬರಹಗಳನ್ನು ಓದಿದ ಮೇಲೆ ಈ ವಿಷಯದಲ್ಲಿ ನಾನು ಟೀವ್ಸ್ ಅವರ ಕಡೆಗೆ ವಾಲುತ್ತೇನೆ.

ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ಎರಡನೆಯ ಸಂಪುಟ ಮಹಾ ಜಿಗಿತದ ಬಗ್ಗೆ, ಅಂದರೆ ಉತ್ಪಾದನೆಯನ್ನು ಒಮ್ಮೆಲೇ ಹೆಚ್ಚಿಸಲು 1958ರಲ್ಲಿ ಮಾವೋ ಆರಂಭಿಸಿದ ಅಭಿಯಾನದ ಬಗ್ಗೆ. 1958ರ ಧಾನ್ಯದ ಇಳುವರಿ 37.5 ಕೋಟಿ ಟನ್ ಎಂದು ಸರ್ಕಾರ ಘೋಷಿಸಿತು, 1959ರ ಆಗಸ್ಟ್‌ನಲ್ಲಿ ಅದನ್ನು 25 ಕೋಟಿಗೆ ಇಳಿಸಿತು, ನಿಜವಾದದ್ದು ಸುಮಾರು 20 ಕೋಟಿ ಎಂದು ಆಮೇಲೆ ಗೊತ್ತಾಯಿತು. ಈ ಸುಳ್ಳು ಲೆಕ್ಕದ ಮೇಲೆ ಹಳ್ಳಿಗಳಿಂದ ಧಾನ್ಯ ಎತ್ತಿದ ಕಾರಣ ಸತ್ತವರ ಸಂಖ್ಯೆಯ ಅಂದಾಜುಗಳು 1.5 ಕೋಟಿಯಿಂದ 4.5 ಕೋಟಿಯವರೆಗೆ ಹರಡಿಕೊಂಡಿವೆ. ಬೀಜಿಂಗಿನ ಸಭೆಗಳ ಚರಿತ್ರೆಯಲ್ಲಿ ಆ ಹಳ್ಳಿಗಳು ದೂರದ ಸದ್ದಿನಂತೆ ಕೇಳಿಸುತ್ತವೆ. ಪ್ರಾಂತ್ಯಗಳ ದಾಖಲೆಗಳನ್ನು ಒಳಗಿನಿಂದಲೇ ಹುಡುಕಿ ಬರೆದ ಯಾಂಗ್ ಜಿಶೆಂಗ್ ಅವರಂತಹ ಚೀನೀ ಪತ್ರಕರ್ತರ ಕೆಲಸ 2008ರಲ್ಲಿ ಬಂದ ಮೇಲೆ, ಹಸಿವಿನ ಆ ವರ್ಷಗಳಿಗೆ ಮ್ಯಾಕ್‌ಫಾರ್ಕರ್ ಒಬ್ಬರನ್ನೇ ನೆಚ್ಚಿಕೊಳ್ಳುವುದು ಸಾಧ್ಯವಿಲ್ಲ.

ಪ್ರಶ್ನೆ ಕೇಳಿದವರು ಮತ್ತೆ

ಮೂವರಿಗೂ ಮನಃಪೂರ್ವಕ ಕೃತಜ್ಞತೆಗಳು. ಉತ್ತರ 3ರಲ್ಲಿ ಹೇಳಿದ ವಿಚಾರ ನನ್ನನ್ನು ಯೋಚನೆಗೆ ಹಚ್ಚಿದೆ. ಸಂಸತ್ತಿನಲ್ಲಿದ್ದ ಅನುಭವ ಅವರ ಬಲವೂ ಹೌದು, ದೋಷದ ಮೂಲವೂ ಹೌದು ಎಂದಾದರೆ, ಅವರು ತಮ್ಮ ನಿಲುವನ್ನು ಮುಂದೆ ತಿದ್ದಿಕೊಂಡರೇ? ಮೊದಲ ಸಂಪುಟಕ್ಕೂ ಮೂರನೆಯದಕ್ಕೂ 23 ವರ್ಷಗಳ ಅಂತರವಿದೆ. ಹಾಗೆಯೇ, ಸಮಯ ಕಡಿಮೆ ಇರುವ ನನ್ನಂಥವರು ಅವರ ಬರಹಗಳಲ್ಲಿ ಯಾವುದನ್ನು ಮೊದಲು ಓದಬೇಕು?

ಉತ್ತರ 2 (ಚೀನೀ ಭಾಷೆಯಿಂದ ಅನುವಾದ ಮಾಡುವವರು)

ತಿದ್ದಿಕೊಂಡರು ಎಂದೇ ನನ್ನ ಓದು ಹೇಳುತ್ತದೆ, ಆದರೆ ಪೂರ್ತಿಯಾಗಿ ಅಲ್ಲ. ಮೂರನೆಯ ಸಂಪುಟದಲ್ಲಿ ಇಬ್ಬರು ಸಮಬಲರ ಹೋರಾಟದ ಚಿತ್ರ ಬಹಳ ಮಸುಕಾಗಿದೆ. ಅದರ ಬದಲು ಮಾವೋ ಅವರ ಅನುಮಾನ ಬೆಳೆಯುವ ಬಗೆ ಕೇಂದ್ರಕ್ಕೆ ಬಂದಿದೆ. ಸೋವಿಯತ್ ಒಕ್ಕೂಟದ ಜೊತೆಗಿನ ವಾಗ್ಯುದ್ಧ ಆ ಸಂಪುಟದಲ್ಲಿ ಬಹಳ ಜಾಗ ಪಡೆಯುತ್ತದೆ, ಅದು ಸರಿಯೂ ಹೌದು. ಸೋವಿಯತ್ ನಾಯಕ ಕ್ರುಶ್ಚೇವ್ 1964ರ ಅಕ್ಟೋಬರಿನಲ್ಲಿ ತಮ್ಮ ಸಹೋದ್ಯೋಗಿಗಳಿಂದಲೇ ಪದಚ್ಯುತರಾದರು. ಮರುತಿಂಗಳು ಮಾಸ್ಕೋದ ಸತ್ಕಾರ ಕೂಟವೊಂದರಲ್ಲಿ ಸೋವಿಯತ್ ರಕ್ಷಣಾ ಸಚಿವ ಮಾಲಿನೋವ್‌ಸ್ಕಿ ಚೀನಾದ ಮಾರ್ಷಲ್ ಹೆ ಲಾಂಗ್ ಅವರಿಗೆ, ನಾವು ಕ್ರುಶ್ಚೇವ್‌ರನ್ನು ತೆಗೆದಂತೆ ನೀವು ಮಾವೋರನ್ನು ತೆಗೆಯಿರಿ ಎಂಬ ಅರ್ಥದ ಮಾತು ಆಡಿದರು. ಆ ಮಾತು ಬೀಜಿಂಗ್ ತಲುಪಿದಾಗ ವಯಸ್ಸಾಗುತ್ತಿದ್ದ ನಾಯಕನ ಮನಸ್ಸಿನಲ್ಲಿ ಏನಾಗಿರಬೇಕೆಂದು ಯೋಚಿಸಿ. ಲಿಯು ಶಾವೊಚಿ ಹೋಗಲೇಬೇಕೆಂದು ತಾವು ನಿರ್ಧರಿಸಿದ್ದು 1965ರ ಜನವರಿಯಲ್ಲಿ ಎಂದು ಮಾವೋ ಅವರೇ ಮುಂದೆ ಅಮೆರಿಕದ ಪತ್ರಕರ್ತ ಎಡ್ಗರ್ ಸ್ನೋ ಅವರಿಗೆ ಹೇಳಿದರು. ಕಾಲದ ಈ ಸಾಮೀಪ್ಯವನ್ನು ನೋಡಿ, ಆದರೆ ಅದೊಂದೇ ಕಾರಣವೆಂದು ಘೋಷಿಸದೆ ಸಾಕ್ಷ್ಯವನ್ನು ಹರಡಿ ಇಡುವ ಸಂಯಮ ಮೂರನೆಯ ಸಂಪುಟದಲ್ಲಿದೆ.

2006ರಲ್ಲಿ ಮೈಕೆಲ್ ಶೋನ್‌ಹಾಲ್ಸ್ ಅವರ ಜೊತೆ ಬರೆದ ಪುಸ್ತಕದಲ್ಲಿ ಕಥೆ 1966ರಿಂದ 1976ರವರೆಗೆ ಸಾಗುತ್ತದೆ. ಶೋನ್‌ಹಾಲ್ಸ್ ಚೀನಾದ ಹಳೆಯ ವಸ್ತುಗಳ ಸಂತೆಗಳಲ್ಲಿ ರದ್ದಿಗೆ ಬಿದ್ದಿದ್ದ ಕೈಬರಹದ ಕಡತಗಳನ್ನೂ ದಿನಚರಿಗಳನ್ನೂ ಸಂಗ್ರಹಿಸಿದ್ದವರು. ಹಾಗಾಗಿ ಆ ಪುಸ್ತಕದಲ್ಲಿ ಬೀದಿಯೂ ಇದೆ, 1966ರ ಆಗಸ್ಟ್ ಮತ್ತು ಸೆಪ್ಟೆಂಬರಿನಲ್ಲಿ ಬೀಜಿಂಗ್ ಒಂದರಲ್ಲೇ ಹೊಡೆದು ಕೊಲ್ಲಲ್ಪಟ್ಟ 1,772 ಜನರೂ ಇದ್ದಾರೆ. ಮೇಲೆ ಹೇಳಿದ ಕೊರತೆಯನ್ನು ತುಂಬುವ ಪ್ರಯತ್ನ ಅದರಲ್ಲಿ ನನಗೆ ಕಾಣುತ್ತದೆ.

ಉತ್ತರ 3 (ತುಲನಾತ್ಮಕ ರಾಜಕೀಯದ ಸಂಶೋಧಕ)

ಇದನ್ನು ಒಪ್ಪುತ್ತೇನೆ. ಮೂರನೆಯ ಸಂಪುಟವನ್ನು ಲೆಕ್ಕಕ್ಕೆ ತೆಗೆದುಕೊಂಡರೆ ನನ್ನ ಹಿಂದಿನ ಮಾತು ಸ್ವಲ್ಪ ಕಠಿಣವಾಯಿತು. ಒಂದು ವಿಷಯ ಸೇರಿಸುತ್ತೇನೆ. ಸಾಂಸ್ಕೃತಿಕ ಕ್ರಾಂತಿ ನಡೆಯದಿದ್ದರೆ 1978ರ ನಂತರದ ಆರ್ಥಿಕ ಸುಧಾರಣೆಯೂ ಆ ರೀತಿ ನಡೆಯುತ್ತಿರಲಿಲ್ಲ ಎಂಬ ವಾದವನ್ನು ಅವರು ಶೋನ್‌ಹಾಲ್ಸ್ ಜೊತೆ ಮುಂದಿಟ್ಟರು. ಪಕ್ಷ ತನ್ನ ಮೇಲೆ ತಾನೇ ತಂದುಕೊಂಡ ಆ ವಿನಾಶದಿಂದ, ಸುಧಾರಣೆಯ ನೇತೃತ್ವ ವಹಿಸಿದ ದೆಂಗ್ ಶಿಯಾವೊಪಿಂಗ್ ಮತ್ತು ಅವರ ಜೊತೆಗಾರರು ಹಳೆಯ ದಾರಿ ಸಾಧ್ಯವಿಲ್ಲವೆಂದು ಕಲಿತರು ಎಂಬುದು ಅದರ ತಿರುಳು. ನಿಮ್ಮ ಪ್ರಬಂಧದಲ್ಲಿ ಇದನ್ನು ಪರೀಕ್ಷಿಸಿ ನೋಡುವುದು ಉಪಯುಕ್ತ. ದೆಂಗ್ ಅವರು 1960ರ ದಶಕದ ಆರಂಭದಲ್ಲೇ ಹಳ್ಳಿಗಳಲ್ಲಿ ಕುಟುಂಬವಾರು ಬೇಸಾಯದ ಬಗ್ಗೆ ಮೃದು ನಿಲುವು ತಳೆದಿದ್ದರು ಎಂಬುದನ್ನೂ ಜೊತೆಯಲ್ಲಿ ಇಟ್ಟುಕೊಂಡು ಓದಿ, ಆಗ ಪ್ರಶ್ನೆ ನೀವು ಅಂದುಕೊಂಡಷ್ಟು ಸರಳವಲ್ಲ ಎಂದು ತಿಳಿಯುತ್ತದೆ.

ಉತ್ತರ 1 (ನಿವೃತ್ತ ಇತಿಹಾಸ ಅಧ್ಯಾಪಕ)

ಮೊದಲು ಏನನ್ನು ಓದಬೇಕೆಂಬ ಪ್ರಶ್ನೆಗೆ ನನ್ನ ಉತ್ತರ ಬಹುಶಃ ನಿಮಗೆ ಅನಿರೀಕ್ಷಿತವಾಗಿರಬಹುದು. ಪ್ರಬಂಧಕ್ಕೆ ಮೂರನೆಯ ಸಂಪುಟ ಮತ್ತು 2006ರ ಪುಸ್ತಕ ಅನಿವಾರ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅವುಗಳಿಗಿಂತ ಮೊದಲು ಒಂದೆರಡು ಸಂಜೆ ಕೊಟ್ಟು, ಅವರು ಇನ್ನೂ ಪತ್ರಕರ್ತರಾಗಿದ್ದಾಗ ಹೊರತಂದ 1960ರ ಸಂಕಲನವನ್ನು ಓದಿ. ಅದರಲ್ಲಿ ನಾಯಕರ ಲೆಕ್ಕಾಚಾರಗಳಿಗಿಂತ ಹೆಚ್ಚಾಗಿ ಇರುವುದು 1957ರ ಮೇ ಮತ್ತು ಜೂನ್ ತಿಂಗಳಲ್ಲಿ ಪಕ್ಷದ ಆಹ್ವಾನವನ್ನು ನಂಬಿ ಬಾಯಿಬಿಟ್ಟು ಮಾತನಾಡಿದ ಅಧ್ಯಾಪಕರು, ವಿದ್ಯಾರ್ಥಿಗಳು, ಪತ್ರಕರ್ತರು, ಸಣ್ಣ ಪಕ್ಷಗಳ ಮುಖಂಡರು. ಅವರ ಮಾತುಗಳನ್ನು ಮೊದಲು ಅಚ್ಚು ಹಾಕಿದ್ದು ಚೀನಾದ ಪತ್ರಿಕೆಗಳೇ. ಕೆಲವೇ ವಾರಗಳಲ್ಲಿ ಅದೇ ಪತ್ರಿಕೆಗಳು ಆ ಮಾತುಗಳನ್ನು ಅಪರಾಧದ ಸಾಕ್ಷಿಯನ್ನಾಗಿ ಮಾಡಿದವು, ಮತ್ತು ಸುಮಾರು 5.5 ಲಕ್ಷ ಜನರಿಗೆ ‘ಬಲಪಂಥೀಯ’ ಎಂಬ ಹಣೆಪಟ್ಟಿ ಅಂಟಿತು. ಸಮಾಜದ ದನಿ ಮ್ಯಾಕ್‌ಫಾರ್ಕರ್ ಅವರ ಕೆಲಸದಲ್ಲಿ ಕೇಳಿಸುವುದಿಲ್ಲ ಎಂಬ ಆಕ್ಷೇಪಕ್ಕೆ ಅವರ ಮೊಟ್ಟಮೊದಲ ಪುಸ್ತಕವೇ ಹೊರತಾಗಿದೆ ಎಂಬುದನ್ನು ಗಮನಿಸಬೇಕು.

ಅಲ್ಲಿ ಚು ಆನ್‌ಪಿಂಗ್ ಎಂಬವರ ಮಾತು ಸಿಗುತ್ತದೆ. ಅವರು ‘ಗುವಾಂಗ್‌ಮಿಂಗ್ ಡೈಲಿ’ ಪತ್ರಿಕೆಯ ಪ್ರಧಾನ ಸಂಪಾದಕರಾಗಿದ್ದರು. ಇಡೀ ದೇಶ ಒಂದು ಪಕ್ಷದ ಸ್ವತ್ತಾಗಿಬಿಟ್ಟಿದೆ, ಸಣ್ಣ ಕಚೇರಿಗೂ ಮೇಲಧಿಕಾರಿಯಾಗಿ ಪಕ್ಷದ ಸದಸ್ಯನೇ ಬೇಕಾಗಿದ್ದಾನೆ ಎಂಬ ಅರ್ಥದಲ್ಲಿ ಅವರು ಜೂನ್ 1ರ ಸಭೆಯಲ್ಲಿ, ಮಾವೋ ಮತ್ತು ಪ್ರಧಾನಿ ಚೌ ಎನ್‌ಲಾಯ್ ಅವರ ಹೆಸರು ಹಿಡಿದೇ ಮಾತನಾಡಿದರು. ಅವರ ಭಾಷಣ ಪತ್ರಿಕೆಗಳಲ್ಲಿ ಅಚ್ಚಾಯಿತು, ಅದರ ನಂತರ ಅವರ ಕೆಲಸ ಹೋಯಿತು. 1966ರಲ್ಲಿ ರೆಡ್ ಗಾರ್ಡ್ ಗುಂಪುಗಳ ಕಿರುಕುಳದ ದಿನಗಳಲ್ಲಿ ಅವರು ಕಣ್ಮರೆಯಾದರು, ಆಮೇಲೆ ಯಾರೂ ಅವರನ್ನು ಕಾಣಲಿಲ್ಲ. 1978ರ ನಂತರ ಬಲಪಂಥೀಯರೆಂದು ಗುರುತಿಸಲಾದ ಬಹುತೇಕ ಎಲ್ಲರ ಹಣೆಪಟ್ಟಿ ತೆಗೆದಾಗಲೂ, ತೆಗೆಯದೆ ಉಳಿಸಿದ ಕೆಲವೇ ಹೆಸರುಗಳಲ್ಲಿ ಅವರದ್ದೂ ಒಂದು.